ಸಣ್ಣತಾಯಮ್ಮನ ಖಾಲಿ ಹಾಳೆ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ದಿನವೇ ಒಂದು ಜಗಳ ಮಾಡಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಪಕ್ಕದ ಮೇಜಿನವನ ಪತ್ರಿಕೆಗೆ ಕತ್ತು ಚಾಚಿ ಸುದ್ದಿ ಓದಿ ಮುಗಿಸಿಬಿಡುತ್ತಾರೆ. ನಮ್ಮೂರಲ್ಲಿ ಓದಿ ಅರ್ಥವಾದ ಸಾಲು ಹಾಳೆಯಿಂದ ಅಳಿಸಿಯೇ ಹೋಗುತ್ತದೆ. ಕಾಸು ಕೊಟ್ಟು ಕೊಂಡವನ ಕೈಯಲ್ಲಿ ಬಿಳಿ ಕಾಗದ ಉಳಿದಾಗ ಅವನು ಸುಮ್ಮನಿರುತ್ತಾನೆಯೇ? "ಏನ್ರೀ, ನನ್ ಪೇಪರ್ರೆಲ್ಲ ಓದ್ಬುಟ್ರಲ್ಲ, ಈಗ ಏನಿತ್ತು ಹೇಳಿ" ಎಂದು ತೋಳು ಹಿಡಿದು ಕೂರಿಸಿಕೊಳ್ಳುತ್ತಾನೆ. ಓದಿದವನು ಹೇಳಲೇಬೇಕು, ಇಲ್ಲಿನ ಪದ್ಧತಿ ಅದು. ಮನೆಗಳಲ್ಲೂ ಹಾಗೆಯೇ. ಯಜಮಾನ ಮೊದಲ ಪುಟ ಓದಿದರೆ ಮಿಕ್ಕವರು ಅದನ್ನು ಅವನ ಬಾಯಿಂದ ಕೇಳಿಕೊಳ್ಳಬೇಕು, ಯಜಮಾನಿ ಅಡುಗೆಯ ಅಂಕಣ ಓದಿದರೆ ಅವಳು ಮಾಡಿ ಹಾಕಿದ್ದನ್ನು ತಿಂದು ತಿಳಿದುಕೊಳ್ಳಬೇಕು. ಅಂಗಡಿಗಳಿಗೆ ಬೋರ್ಡು ಬರೆಸುವವರಿಲ್ಲ, ಚಿತ್ರ ಬಿಡಿಸುತ್ತಾರೆ. ಡಾಕ್ಟರ ಚೀಟಿಗಳು ಮಾತ್ರ ಹತ್ತಾರು ವರ್ಷ ಹಾಗೇ ಇರುತ್ತವೆ, ಅವುಗಳನ್ನು ಯಾರೂ ಏನೂ ಮಾಡಲಾಗಿಲ್ಲ.

ಹಾಗೇ ಉಳಿಯುವ ಇನ್ನೊಂದು ಎಂದರೆ ನನ್ನ ಪತ್ರಗಳು. ನೋಂದಣಿ ಕಚೇರಿಯ ಮುಂದೆ ಮೂವತ್ತೆರಡು ವರ್ಷ ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ ಬರೆದವನು ನಾನು. ಹೆಸರು ಮುಕುಂದರಾಯ. ಊರಿಗೆ ನಾನು ಪತ್ರದ ರಾಯರು. ನಾನು ಬರೆದ ಒಂದೊಂದು ವಾಕ್ಯವೂ ಒಂದೂವರೆ ಪುಟ ಇರುತ್ತಿತ್ತು. ಜಡ್ಜು, ವಕೀಲರು, ಅಣ್ಣತಮ್ಮಂದಿರು ಎಲ್ಲರೂ ಓದಿದ್ದಾರೆ. ಇವತ್ತಿಗೂ ಅದರಲ್ಲಿ ಒಂದು ಕೊಂಬು, ಒಂದು ದೀರ್ಘ ಅಲ್ಲಾಡಿಲ್ಲ. ಅರ್ಥವಾದರೆ ತಾನೇ ಹೋಗುವುದು! ನನ್ನ ಜಂಬಕ್ಕೆ ಅಷ್ಟು ಸಾಲದೇ? ಕೈ ನಡುಗತೊಡಗಿದ ಮೇಲೆ ಮೇಜು ಎತ್ತಿ, ಮನೆಯ ಜಗಲಿಯ ಮೇಲೆ ಕಾಲೇಜಿನ ಪರೀಕ್ಷೆಗೆ ತಯಾರಿ ಮಾಡಿಸುವ ಪಾಠ ಶುರುಮಾಡಿದೆ.

ನಮ್ಮ ಕಾಲೇಜಿಗೆ ಯಾರು ಸೇರಬೇಕೆಂದರೂ ಸೇರಬಹುದು. ಆದರೆ ಯಾವ ತರಗತಿಯಲ್ಲಿ ಕೂರಿಸಬೇಕು ಎಂದು ತಿಳಿಯಲು ಎರಡು ಪರೀಕ್ಷೆ ಇಡುತ್ತಾರೆ. ಓದಿನ ಪರೀಕ್ಷೆಗೆ ಒಂದು ಪುಟ ಕೊಡುತ್ತಾರೆ. ಮುಕ್ಕಾಲು ಗಂಟೆ ಆದ ಮೇಲೆ ಹಾಳೆ ಕಿತ್ತುಕೊಂಡು ಎಷ್ಟು ಸಾಲು ಉಳಿದಿದೆ ಎಂದು ನೋಡುತ್ತಾರೆ. ಬರಹದ ಪರೀಕ್ಷೆಯಲ್ಲಿ ಅವರು ಹೇಳಿದ ವಿಷಯದ ಮೇಲೆ ನೀವೊಂದು ಪುಟ ಬರೆಯಬೇಕು. ಬರೆದವರ ಕಣ್ಣಿಗೆ ಮಾತ್ರ ತಮ್ಮ ಅಕ್ಷರ ಹೋಗುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಆಮೇಲೆ ಕಾಲೇಜಿನ ಮುಂದಿನ ರಸ್ತೆಯಲ್ಲಿ ಹೋಗುತ್ತಿರುವ ಯಾರನ್ನಾದರೂ ಕರೆತಂದು ಅದನ್ನು ಓದಿಸುತ್ತಾರೆ. ಕಾಲೇಜಿನ ಮೇಷ್ಟರುಗಳಿಗೆ ಹುಡುಗರ ಬರಹ ಓದಿ ಓದಿ ಎಂಥದ್ದೂ ಅರ್ಥವಾಗಿಬಿಡುತ್ತದಂತೆ, ಅದಕ್ಕೆ ಅವರನ್ನು ಕೂರಿಸುವುದಿಲ್ಲ. ದಾರಿಹೋಕ ಓದಿ ಕೊಟ್ಟ ಮೇಲೆ ಉಳಿದದ್ದನ್ನು ನೋಡುತ್ತಾರೆ. ಎರಡರಲ್ಲಿ ಯಾವುದರಲ್ಲಾದರೂ ಹತ್ತು ಸಾಲಿಗಿಂತ ಹೆಚ್ಚು ಉಳಿದರೆ ಬೆಳಿಗ್ಗೆ ಏಳರಿಂದ ಹನ್ನೊಂದರ ತಳಪಾಯದ ತರಗತಿ. ಇಲ್ಲದಿದ್ದರೆ ಮಧ್ಯಾಹ್ನ ಎರಡು ಗಂಟೆಯ ನೇರ ತರಗತಿ.

ಸಣ್ಣತಾಯಮ್ಮ ನನ್ನ ಜಗಲಿಗೆ ಬಂದಾಗ ನಾನು ಹಳೆಯ ಪತ್ರಿಕೆ ಒಯ್ಯಲು ಬಂದಿದ್ದಾಳೆಂದುಕೊಂಡೆ. ಆಕೆಯ ಕೆಲಸ ಅದೇ. ಓದಿ ಖಾಲಿಯಾದ ಹಾಳೆಗಳನ್ನು ದಿನಾ ಬೆಳಿಗ್ಗೆ ಮನೆಮನೆಯಿಂದ ಕೂಡಿಸಿ, ಹೊರೆ ಕಟ್ಟಿ ಡಿಪೋಗೆ ಒಯ್ದು ಹಾಕುವುದು. ಅಲ್ಲಿ ಅವನ್ನು ನೀಟಾಗಿ ಕತ್ತರಿಸಿ ಮತ್ತೆ ಮಾರುತ್ತಾರೆ. ನಲವತ್ಮೂರು ವರ್ಷದ ಗಟ್ಟಿ ಹೆಂಗಸು, ಮಾತು ನೇರ.

"ಪೇಪರ್ಗೆ ಬರ್ಲಿಲ್ಲ ಮೇಷ್ಟ್ರೇ" ಎಂದಳು. "ಕಾಲೇಜ್ ಪರೀಕ್ಸೆಗೆ ಹೇಳ್ಕೊಡಿ ಅನ್ನಕ್ ಬಂದೆ."

"ನಿನಗೆ ಓದು ಬರುತ್ತದೇನಮ್ಮ?"

"ಖಾಲಿ ಹಾಳೆ ಡಿಪೋಗೆ ಹಾಕ್ತೀನಿ. ಅಕ್ಸರ ಉಳ್ಕಂಡಿರೋದ್ನ ಅವ್ರು ತಗಳಲ್ಲ. ಅದ್ನೆಲ್ಲ ಮನೆಗ್ ತಗಂಡೋಗಿ ಓದ್ತೀನಿ, ಇಪ್ಪತ್ ವರ್ಸದಿಂದ."

ಊರಿಗೆ ಊರೇ ಅರ್ಥವಾಗದೆ ಬಿಸಾಕಿದ ಸಾಲುಗಳನ್ನು ಹೆಕ್ಕಿಕೊಂಡು ಹೋಗಿ ಓದು ಕಲಿತವಳು ಈಕೆ.

"ಶಾನೆ ಸಾಲು ಹೋಗವೆ" ಎಂದಳು. "ಇನ್ನೊಂದ್ ಮೂಟೆ ಹಂಗೇ ಕೂತದೆ, ಏನ್ ಮಾಡಿದ್ರೂ ಹೋಗಲ್ದು. ಅದ್ರಲ್ಲಿ ಏನದೆ ಅಂತ ನಂಗೆ ಗೊತ್ತಾಗ್ಬೇಕು. ಕಾಲೇಜ್ಗೋದ್ರೆ ಗೊತ್ತಾಯ್ತದಂತಲ್ಲ? ಆದ್ರೆ ಬೆಳಗಿನ ಕ್ಲಾಸು ಆಗಕ್ಕಿಲ್ಲ. ಏಳರಿಂದ ಹನ್ನೊಂದು ನಾನು ಬೀದಿ ಮೇಲಿರ್ಬೇಕು. ನಾಕ್ ದಿನ ತಪ್ಪಿದ್ರೆ ಡಿಪೋದೋರು ನನ್ ಬೀದಿನ ಇನ್ನೊಬ್ರಿಗೆ ಕೊಟ್ಬುಡ್ತಾರೆ. ಎರಡ್ ಗಂಟೆ ಕ್ಲಾಸು ಸಿಕ್ರೆ ಓದು, ಇಲ್ದಿದ್ರೆ ಇಲ್ಲ."

ಪರೀಕ್ಷಿಸಿ ನೋಡೋಣವೆಂದು ಒಳಗೆ ಹೋಗಿ ನನ್ನ ಪೆಟ್ಟಿಗೆಯಿಂದ ಒಂದು ವಿಭಾಗಪತ್ರದ ನಕಲು ತಂದೆ. ನಾನು ಬರೆದದ್ದರಲ್ಲೆಲ್ಲ ಅದು ಮುಕುಟಪ್ರಾಯ. ಚಕ್ಕುಬಂದಿ, ಸದರಿ, ಮೇಲ್ಕಂಡ, ತತ್ಸಂಬಂಧ ಎಲ್ಲ ಸೇರಿ ಎರಡು ಪುಟಕ್ಕೆ ಒಂದೇ ವಾಕ್ಯ. ಇಪ್ಪತ್ತಾರು ವರ್ಷದಿಂದ ಬಂಡೆಯ ಹಾಗೆ ಇತ್ತು. ಸಣ್ಣತಾಯಮ್ಮ ಕಂಬಕ್ಕೊರಗಿ ಕೂತು ಓದಿದಳು. ನಾನು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಾಳೆ ಬೆಳ್ಳಗಾಗಿತ್ತು.

"ಇದ್ರಲ್ಲೇನದೆ ಮೇಷ್ಟ್ರೇ" ಎಂದಳು. "ಬಾವಿ ಇಬ್ರಿಗೂ ಸೇರಿದ್ದು, ಹಿತ್ಲು ಮಾತ್ರ ತಮ್ಮಂಗೆ. ಅಷ್ಟೆಯ."

ಅಷ್ಟೇ ಆಗಿತ್ತು. ಆಕೆಯ ಮುಖವನ್ನು ನಾನು ಹೊಸದಾಗಿ ನೋಡಿದೆ. ಓದಿನ ಪರೀಕ್ಷೆಗೆ ನಾನು ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ.

ತೊಡಕಿದ್ದದ್ದು ಬರಹದಲ್ಲಿ. 'ನಮ್ಮ ಬೀದಿ' ಎಂದು ವಿಷಯ ಕೊಟ್ಟೆ. ಮರುದಿನ ಬರೆದು ತಂದಳು: 'ಸದರಿ ಬೀದಿಯು ಪೂರ್ವಾಪರ ಪ್ರಸಕ್ತಿಗನುಸಾರವಾಗಿ ಉಭಯತ್ರ ಗೃಹಸಂಕುಲದಿಂದ ಪರಿವೃತವಾಗಿದ್ದು...' ಹೀಗೇ ಪುಟದ ಕೊನೆಯವರೆಗೆ. ಪಾಪ, ಆಕೆ ಜನ್ಮದಲ್ಲಿ ಓದಿದ್ದೆಲ್ಲ ಅಂಥವೇ ಅಲ್ಲವೇ? ಬರಹ ಎಂದರೆ ಹೀಗೇ ಇರಬೇಕೆಂದು ತಿಳಿದಿದ್ದಳು. ನಾನೋ, "ಭಲೇ!" ಎಂದು ತೊಡೆ ತಟ್ಟಿದೆ. ನನ್ನ ಮಗಳೇ ಬರೆದಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಆಮೇಲೆ ಪರೀಕ್ಷೆಯ ನೆನಪಾಯಿತು. ನನ್ನ ಶಿಷ್ಯರೆಲ್ಲ ಓದಿನಲ್ಲಿ ಗೆದ್ದು ಬರಹದಲ್ಲಿ ಬೀಳುವುದು ಇಲ್ಲಿಯೇ. ಅವರಿಗೆ ಹೇಳುವುದನ್ನೇ ಈಕೆಗೂ ಹೇಳಿದೆ: "ಓದುವುದಕ್ಕೆ ಯಾರು ಸಿಗುತ್ತಾರೋ ಹೇಳಲಾಗುವುದಿಲ್ಲಮ್ಮ. ಅದೆಲ್ಲ ಹಣೆಬರಹ."

"ಹಣೆಬರ ಯಾಕಾಯ್ತದೆ?" ಎಂದಳು. "ಯಾರು ಸಿಕ್ರೂ ನಮ್ಮೂರೋರೆ ತಾನೆ? ಅವ್ರ ಮನೆಗೆಲ್ಲ ನಾನು ದಿನಾ ಹೋಗ್ತೀನಲ್ಲ."

ಅವತ್ತಿನಿಂದ ಆಕೆ ಹಿಡಿದ ದಾರಿ ನನಗೆ ಹೊಳೆದದ್ದಲ್ಲ, ಹನ್ನೆರಡು ವರ್ಷ ಪಾಠ ಹೇಳಿದರೂ ಹೊಳೆದಿರಲಿಲ್ಲ. ಮಧ್ಯಾಹ್ನ ಒಂದು ಪುಟ ಬರೆಯುವುದು. ಬೆಳಿಗ್ಗೆ ಹಾಳೆ ಎತ್ತಲು ಹೋದಾಗ ಒಂದು ಮನೆಯಲ್ಲೋ ಅಂಗಡಿಯಲ್ಲೋ, "ಅಣ್ಣಾ, ಇದೊಂಚೂರು ಓದಿ ಕೊಡಿ" ಎಂದು ಕೈಗೆ ಕೊಟ್ಟು ಎದುರಿಗೆ ನಿಲ್ಲುವುದು. ಓದುತ್ತಿರುವವರ ಹಾಳೆಯನ್ನಲ್ಲ, ಮುಖವನ್ನು ನೋಡುವುದು. ಉಳಿದ ಸಾಲನ್ನು ತೋರಿಸಿ, "ಎಲ್ ಸಿಕ್ಕಾಕಂತು?" ಎಂದು ಕೇಳುವುದು. ಮರುದಿನ ಅದನ್ನೇ ತಿದ್ದಿ ಬರೆದು ಬೇರೆಯವರಿಗೆ ಕೊಡುವುದು. ಟೈಲರ್ ಒಬ್ಬ ಮೂರನೇ ಸಾಲಿನಲ್ಲಿ ನಿಂತುಬಿಟ್ಟ, ಅಲ್ಲಿ ಆಕೆ ಎರಡು ವಿಷಯ ಒಟ್ಟಿಗೆ ತುರುಕಿದ್ದಳು. ಬಳೆ ಅಂಗಡಿಯ ಹೆಂಗಸು 'ಉಭಯತ್ರ' ಎಂಬ ಮಾತಿಗೆ, "ಇದ್ಯಾವ್ ಊರಮ್ಮ?" ಎಂದು ಕೇಳಿದಳು. ರಿಟೈರ್ಡ್ ಪೊಲೀಸಿನವನು ಅರ್ಧ ಓದಿ ವಾಪಸು ಕೊಟ್ಟ. ಸಾಯಂಕಾಲ ಆಕೆ ಜಗಲಿಯ ಮೇಲೆ ಕೂತು ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಇಲ್ ಬೇಜಾರಾಯ್ತು ಅವ್ರಿಗೆ" ಎಂದು ಬೆರಳಿಟ್ಟು ತೋರಿಸಿದಳು. ನಾಚಿಕೆ ಅಂಜಿಕೆ ಎಂಥದ್ದೂ ಇಲ್ಲ. ದಿನಾ ಸೋತು ಬಂದು ದಿನಾ ಬರೆಯುವ ಮನುಷ್ಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೊದಲ ವಾರ ಪುಟಕ್ಕೆ ಪುಟವೇ ವಾಪಸು ಬಂತು. ಐದನೆಯ ವಾರ ಅರ್ಧ ಉಳಿಯಿತು. ಒಂಬತ್ತನೆಯ ವಾರ ನಾಲ್ಕೋ ಐದೋ ಸಾಲು.

ನನಗೂ ಚಪಲ ಹತ್ತಿತು. ಒಂದು ದಿನ ಕೂತು ನಮ್ಮ ಬೀದಿಯ ಮೇಲೆ ನಾನೇ ಒಂದು ಪುಟ ಬರೆದು, ಯಾರದೆಂದು ಹೇಳಬೇಡ ಎಂದು ಆಕೆಯ ಕೈಯಲ್ಲಿ ಟೈಲರನಿಗೆ ಕಳಿಸಿದೆ. ವಾಪಸು ಬಂದಾಗ ನೋಡಿದರೆ ಮೇಲಿನ ತಾರೀಖು ಮಾತ್ರ ಹೋಗಿತ್ತು.

"ನಗಬೇಡ" ಎಂದೆ.

"ಇಲ್ಲ ಬುಡಿ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಆಮೇಲೆ, "ಬರೆಯೋವಾಗ ಆ ಟೈಲರಣ್ಣ ನನ್ ಎದ್ರುಗೆ ಕೂತವ್ನೆ ಅಂದ್ಕತೀನಿ ಮೇಷ್ಟ್ರೇ. ಅವ್ನು ಹ್ಞೂ ಅನ್ನೋ ತಂಕ ಮುಂದಿನ್ ಸಾಲ್ಗೆ ಹೋಗಲ್ಲ" ಎಂದಳು. ಮೂವತ್ತೆರಡು ವರ್ಷ ನನ್ನ ಮೇಜಿನ ಎದುರು ದಿನಕ್ಕೆ ಹತ್ತು ಜನ ಕೂತಿದ್ದರು. ಅವರ ಹ್ಞೂಗೆ ನಾನು ಒಂದು ಸಲವೂ ಕಾದವನಲ್ಲ. ಈ ಮಾತನ್ನು ಆಕೆಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಪರೀಕ್ಷೆಯ ದಿನ ಹತ್ತು ಗಂಟೆಗೆ ಕಾಲೇಜಿಗೆ ಹೋದೆವು. ಬೀದಿಯ ಕೆಲಸವನ್ನು ಆಕೆ ಅವತ್ತು ನಾಲ್ಕಕ್ಕೇ ಎದ್ದು ಮುಗಿಸಿದ್ದಳಂತೆ. ಓದಿನ ಪರೀಕ್ಷೆ ಹನ್ನೊಂದಕ್ಕೆಲ್ಲ ಆಯಿತು. ಆಕೆಯ ಪುಟದಲ್ಲಿ ಎರಡೇ ಸಾಲು ಉಳಿದಿತ್ತು. ಬರಹದ ವಿಷಯ: 'ನಿಮಗೆ ಬರುವ ಒಂದು ಕೆಲಸವನ್ನು ಬಾರದವರಿಗೆ ಹೇಳಿಕೊಡಿ.' ಬರೆದು ಕೊಟ್ಟು ಹೊರಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತಳು.

ಆಕೆಯ ಹಾಳೆಗೆ ಸಿಕ್ಕಿದ ದಾರಿಹೋಕ ಐವತ್ತು ವರ್ಷದ ಒಬ್ಬ ಆಸಾಮಿ. ರಾಗಿ ಮೂಟೆಯನ್ನು ಭುಜದಿಂದ ಗೇಟಿನ ಬಳಿ ದೊಪ್ಪನೆ ಇಳಿಸಿ, "ಬಿರ್ರನೆ ಕೊಡಿ ಸ್ವಾಮಿ, ಮಿಲ್ಲು ಮುಚ್ಬುಟ್ಟಾರು" ಎಂದು ಗೊಣಗುತ್ತ ಒಳಗೆ ಹೋದ. ಸಾಮಾನ್ಯವಾಗಿ ಓದುವವರು ಕಾಲು ಗಂಟೆ ಕೂರುತ್ತಾರೆ. ಇವನು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಹೊರಗೆ ಬಂದ. ಹೆಗಲ ಮೇಲಿನ ಟವಲ್ಲು ತೆಗೆದು ಅದನ್ನೇ ದಿಟ್ಟಿಸಿ ನೋಡುತ್ತ, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ, ನಮ್ಮ ಕಡೆ ತಿರುಗದೆ ಮೂಟೆಯ ಕಡೆ ಹೊರಟುಹೋದ. ಓದದೇ ಬಿಟ್ಟನೋ ಏನೋ.

ಮುಕ್ಕಾಲು ಗಂಟೆ ಕಳೆಯಿತು. ಹನ್ನೆರಡೂವರೆಗೆ ಪರೀಕ್ಷಾಧಿಕಾರಿ ವಿರೂಪಾಕ್ಷಯ್ಯನವರು ಒಂದು ಬಿಳಿ ಹಾಳೆ ಹಿಡಿದುಕೊಂಡು ಹೊರಗೆ ಬಂದರು. ನಿಯತ್ತಿನ ಮನುಷ್ಯ, ನಗುವುದು ಕಮ್ಮಿ.

"ಸಣ್ಣತಾಯಮ್ಮ ಅಂದ್ರೆ ಯಾರು? ನೀನೇನಮ್ಮ? ಓದಿನಲ್ಲಿ ಅಷ್ಟು ಚೆನ್ನಾಗಿ ಮಾಡಿ ಬರಹದಲ್ಲಿ ಖಾಲಿ ಹಾಳೆ ಕೊಟ್ಟಿದ್ದೀಯಲ್ಲ. ಬರೆದಿಲ್ಲ ಅಂತ ಹಾಕಿದ್ದೀನಿ. ಬೆಳಗಿನ ತರಗತಿಗೆ ಬಾ, ಏನೂ ಬೇಜಾರಿಲ್ಲ."

"ಬರ್ದಿದ್ದೆ ಸ್ವಾಮಿ" ಎಂದಳು ಆಕೆ. "ಪುಟ ಪೂರ್ತಿ ಬರ್ದಿದ್ದೆ."

"ನೋಡಮ್ಮ, ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಬರಹದಲ್ಲಿ ಒಂದು ಸಾಲೂ ಉಳೀದೆ ಇದ್ದದ್ದು ನಾನು ಕಂಡೇ ಇಲ್ಲ. ನಿನ್ನೆ ಬಂದ ವಕೀಲರ ಮಗಳದ್ದೇ ಆರು ಸಾಲು ಉಳೀತು."

"ನೀವು ಅವನು ಓದುವುದನ್ನು ನೋಡಲಿಲ್ಲವೇ?" ಎಂದು ನಾನು ಕೇಳಿದೆ.

ಅವರ ಮುಖ ಸ್ವಲ್ಪ ಕೆಂಪಾಯಿತು. "ಹಾಳೆ ಅವನ ಕೈಗೆ ಕೊಟ್ಟು, ಹಿಂದಿನವರ ಹಾಳೆಗೆ ಠಸ್ಸೆ ಹಾಕಲು ಆ ಕಡೆ ತಿರುಗಿದೆ. ಈ ಕಡೆ ನೋಡೋವಷ್ಟರಲ್ಲಿ ಹಾಳೆ ಮೇಜಿನ ಮೇಲಿತ್ತು, ಅವನು ಬಾಗಿಲಾಚೆ ಇದ್ದ. ಅಷ್ಟು ಬೇಗ ಯಾರು ಓದ್ತಾರೆ ರಾಯರೇ?"

ಹಾಳೆ ಇಸಿದುಕೊಂಡು ಬೆರಳಾಡಿಸಿದೆ. ಪೆನ್ನಿನ ಗೀರೇನೋ ಇದ್ದವು. ಆದರೆ ನಮ್ಮೂರಿನ ಒಂದೊಂದು ಹಾಳೆಯ ಮೇಲೂ ಹತ್ತು ಸಲದ ಬರಹದ ಗೀರು ಇರುತ್ತವೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಪೂರ್ತಿ ಅರ್ಥವಾದ ಹಾಳೆಗೂ ಏನೂ ಬರೆಯದ ಹಾಳೆಗೂ ವ್ಯತ್ಯಾಸ ತೋರಿಸುವುದು ಹೇಗೆ? ನನ್ನ ಇಷ್ಟುದ್ದದ ಕಾನೂನು ಜ್ಞಾನವೆಲ್ಲ ಅಲ್ಲಿ ಕೈಕೊಟ್ಟಿತು.

"ಸಿಂಬೆ ಸುತ್ತೋದು ಬರ್ದಿದ್ದೆ" ಎಂದಳು ಸಣ್ಣತಾಯಮ್ಮ. "ತಲೆ ಮೇಲೆ ಹೊರೆ ಹೊರೋದು ಹೆಂಗೆ ಅಂತ. ಬೇಕಾದ್ರೆ ಈಗ ಇನ್ನೊಂದ್ಸಲ ಬರೀತೀನಿ."

"ಸಮಯ ಮುಗೀತಲ್ಲಮ್ಮ. ಓದಿದವನೇ ಬಂದು ಹೇಳಿದರೆ ಆಗಬಹುದು, ಅದಕ್ಕೆ ನಿಯಮ ಇದೆ. ಒಂದು ಗಂಟೆಗೆ ತರಗತಿಗಳ ಪಟ್ಟಿಗೆ ಠಸ್ಸೆ ಬಿದ್ದರೆ ಮುಗೀತು, ಆಮೇಲೆ ನನ್ನ ಕೈಯಲ್ಲೂ ಇಲ್ಲ."

"ನಾವು ಹೋಗಿ ಕರೆತಂದರೆ ನಾವೇ ಹೇಳಿಕೊಟ್ಟೆವು ಅನ್ನುತ್ತೀರಿ" ಎಂದೆ. "ನೀವೇ ಬನ್ನಿ."

ಬರುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ. ಆದರೆ ಆ ಮನುಷ್ಯ ಒಂದು ಸಲ ಹಾಳೆ ನೋಡಿ, ಒಂದು ಸಲ ಆಕೆಯ ಮುಖ ನೋಡಿ, ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಚಪ್ಪಲಿ ಮೆಟ್ಟಿದರು. ಪಟ್ಟಿ ಬಿಟ್ಟು ಅವರು ಎಲ್ಲಿಗೂ ಹೋಗುವಂತಿಲ್ಲ. ಮೂರು ಜನ ಬಿಸಿಲಲ್ಲಿ ಮಿಲ್ಲಿನ ರಸ್ತೆಗೆ ಬಿದ್ದೆವು. ನನ್ನ ಮಂಡಿ ನೋವನ್ನು ಅವತ್ತು ದೇವರೇ ಬಲ್ಲ. ಸಣ್ಣತಾಯಮ್ಮ ಮುಂದೆ ಮುಂದೆ ಹೋಗಿ, ಹಿಂದೆ ತಿರುಗಿ ನನಗಾಗಿ ನಿಂತು, ಮತ್ತೆ ಮುಂದೆ ಹೋಗುತ್ತಿದ್ದಳು.

ಮಿಲ್ಲಿನ ತಿರುವಿನಲ್ಲಿ ಆ ಆಸಾಮಿ ಎದುರಿಗೇ ಬಂದ. ಹಿಟ್ಟಿನ ಮೂಟೆ ತಲೆಯ ಮೇಲಿತ್ತು, ಕೆಳಗೆ ಟವಲ್ಲಿನ ಸಿಂಬೆ. ಕತ್ತು ನೆಟ್ಟಗೆ, ಬೆನ್ನು ನೆಟ್ಟಗೆ. ಎರಡು ಕೈಯನ್ನೂ ಬಿಟ್ಟು, ನಡೆಯುತ್ತಲೇ ಬೀಡಿಗೆ ಬೆಂಕಿ ಹಚ್ಚಿಕೊಳ್ಳುತ್ತಿದ್ದ. ವಿರೂಪಾಕ್ಷಯ್ಯನವರು ರಸ್ತೆಯ ನಡುವೆ ನಿಂತುಬಿಟ್ಟರು.

"ಏನಪ್ಪ, ಕಾಲೇಜಿಗೆ ಬಂದಾಗ ಭುಜದ ಮೇಲೆ ಹೊತ್ತಿದ್ದೆಯಲ್ಲ?"

"ಹ್ಞೂ ಸ್ವಾಮಿ. ಹುಟ್ದಾಗ್ನಿಂದ ಭುಜದ್ ಮೇಲೇ ಹೊತ್ತಿದ್ದು."

"ಇದು ಯಾವಾಗ ಕಲಿತೆ?"

"ಈಗಲೇಯ. ನಿಮ್ ಕಾಲೇಜ್ನಾಗೆ ಓದಕ್ ಕೊಟ್ರಲ್ಲ, ಅದ್ರಾಗಿತ್ತು." ಬೀಡಿಯನ್ನು ಬಾಯಿಂದ ತೆಗೆದು, ಮೂಟೆ ಅಲ್ಲಾಡದಂತೆ ನಿಂತು, ಅವನು ಒಂದೊಂದಾಗಿ ಹೇಳತೊಡಗಿದ. "ಟವಲ್ನ ಒಣಗಿದ್ದು ತಗಬಾರ್ದು, ಚೂರು ಒದ್ದೆ ಇರ್ಬೇಕು. ಉದ್ದುಕ್ಕೆ ತಿರ್ಚಿ ಕೈ ಬೆರಳಿಗೆ ಮೂರು ಸುತ್ತು. ತುದಿನ ಒಳಿಕ್ ಸಿಗಸ್ಬೇಕು. ನೆತ್ತಿ ಮ್ಯಾಲಲ್ಲ, ಒಂದ್ ಬೆರಳ್ನಷ್ಟು ಮುಂದಕ್ಕೆ ಇಡ್ಬೇಕು. ಹೊರೆ ಎತ್ತೋವಾಗ ನೆಲ ನೋಡ್ಬಾರ್ದು, ದೂರದಲ್ಲಿ ಒಂದ್ ಮನೆ ಬಾಗ್ಲು ನೋಡ್ಕಬೇಕು. ಮೊದ್ಲ ಹತ್ ಹೆಜ್ಜೆ ಹೆದ್ರಿಕೆ ಆಯ್ತದೆ, ಆಗ ಕೈ ಎತ್ಬೇಡಿ, ಹತ್ ಹೆಜ್ಜೆ ಆದ್ಮೇಲೆ ಹೆದ್ರಿಕೆನೇ ಇಳ್ದೋಯ್ತದೆ ಅಂತ ಬರ್ದಿತ್ತು. ಇಳ್ದೋಯ್ತು ಸ್ವಾಮಿ!"

ಸಣ್ಣತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಿಗೆ ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು.

"ಬರ್ದೋರು ಯಾರು?" ಎಂದು ಆಸಾಮಿ ಕೇಳಿದ. ನಾನು ತೋರಿಸಿದೆ. ಅವನು ಆಕೆಯನ್ನು ನೋಡಿ ಬೀಡಿಯನ್ನು ನೆಲಕ್ಕೆ ಬಿಸಾಕಿದ. "ಅಕ್ಕಾ, ಮೂವತ್ ವರ್ಸ ಆಯ್ತು, ನನ್ ಬಲಗಡೆ ಭುಜ ಇಳ್ದೋಗದೆ. ನಮ್ಮೂರಾಗೆ ಇಷ್ಟ್ ಜನ ಹೆಂಗಸ್ರು ತಲೆ ಮೇಲೆ ಹೊತ್ಕಂಡ್ ಓಡಾಡ್ತಾರೆ. ಗಂಡಸು ನಾನ್ ಹೆಂಗ್ ಕೇಳದು ಅಂತ ಒಂದಿನ ಕೇಳ್ನಿಲ್ಲ. ನೀವಾಗೇ ಹೇಳಿದ್ರಿ" ಎಂದ. ಎರಡೂ ಕೈ ಎತ್ತಿ ಮುಗಿದ. ಮೂಟೆ ಅಲ್ಲಾಡಲಿಲ್ಲ.

ವಿರೂಪಾಕ್ಷಯ್ಯನವರು ಮಿಲ್ಲಿನ ಕಟ್ಟೆಯ ಮೇಲೆ ಹಿಟ್ಟು ಊದಿ ಪಟ್ಟಿ ಹರಡಿದರು. 'ಬರೆದಿಲ್ಲ' ಎಂಬುದನ್ನು ಹೊಡೆದುಹಾಕಿದರು. ತಾವು ಬರೆಯುವುದನ್ನು ಬಾಯಿಬಿಟ್ಟು ಹೇಳುತ್ತಲೇ ಬರೆದರು: "ಸಣ್ಣತಾಯಮ್ಮ, ನೇರ ತರಗತಿ, ಮಧ್ಯಾಹ್ನ ಎರಡು ಗಂಟೆ." ನಾನು ಎಚ್ಚರಿಕೆಯಿಂದ ಮುಖ ಆ ಕಡೆ ತಿರುಗಿಸಿಕೊಂಡಿದ್ದೆ. ಅವರೋ, ಆ ಖುಷಿಯಲ್ಲಿ ಎಲ್ಲ ಮರೆತು, "ನೋಡ್ಕೋಮ್ಮ, ಸರಿಯಾಗಿದೆಯಾ?" ಎಂದು ಪಟ್ಟಿಯನ್ನು ಆಕೆಯ ಕಡೆ ತಿರುಗಿಸಿದರು.

ಆಕೆ ಬಗ್ಗಿ ಓದಿದಳು. ಸಾಲು ಹೋಯಿತು.

"ಅಯ್ಯಯ್ಯೋ, ಓದಬಾರದಮ್ಮ!" ಎಂದು ಅವರು ತಲೆ ಚಚ್ಚಿಕೊಂಡು ಮತ್ತೆ ಬರೆದರು. ಶಾಯಿ ಆರಲೆಂದು ಪೆನ್ನೆತ್ತುವಷ್ಟರಲ್ಲಿ ಆಕೆ ಅವರ ತೋಳಿನ ಸಂದಿಯಿಂದ ಇಣುಕಿದಳು. ಅದೂ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇರಬೇಕು, ವಿರೂಪಾಕ್ಷಯ್ಯನವರು ರಸ್ತೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕರು. ಗಡಿಯಾರ ನೋಡಿಕೊಂಡು, ಪಟ್ಟಿಗೆ ಎಡಗೈ ಅಡ್ಡ ಇಟ್ಟುಕೊಂಡು ಬಗ್ಗಿದರು.

"ಸ್ವಾಮಿ" ಎಂದಳು ಸಣ್ಣತಾಯಮ್ಮ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಇನ್ನೊಂದೇ ಒಂದ್ಸಲ ಬರೀರಿ. ಓದ್ಬುಟ್ಟು, ಆಮೇಲೆ ನೀವು ತಿರ್ಗ ಬರೆಯೋವಾಗ ಕಣ್ ಮುಚ್ಕತೀನಿ."

ಒಂದು ಗಂಟೆಗೆ ಇನ್ನು ಏಳು ನಿಮಿಷ ಇತ್ತು. ವಿರೂಪಾಕ್ಷಯ್ಯನವರು ಕೈ ತೆಗೆದು, ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ ಬರೆದರು.